ಕಡಲಡಿಯ ಕೆಸರಿನ ಒಳನೀರು

ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯಿಲ್ಲದ ಊರು ವಿರಳ. ಹುಣಸೂರು ತಾಲ್ಲೂಕಿನ ಗಾವಡಗೆರೆಯಂತೂ ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತುಕೊಂಡಿರುವ ಊರು. ಬೇಸಗೆಯಲ್ಲಿ ಕೆರೆಗಳ ನೀರು ಬತ್ತಿದ ಮೇಲೆ ಗೋಡನ್ನು ಅಗೆದು ಹೊಲಗದ್ದೆಗಳಿಗೆ ಹೇರುವುದು ಈ ಸೀಮೆಯ ಬೇಸಾಯಗಾರರ ಹಳೆಯ ಪದ್ಧತಿ. ಹಾಗೆ ಅಗೆಯುವವರು ಬಲ್ಲ ಸಂಗತಿಯೊಂದುಂಟು. ಮೇಲಣ ಪದರವು ಕಂದುಬಣ್ಣದ್ದಾಗಿದ್ದರೆ, ಗೇಣುದ್ದ ಕೆಳಗಿಳಿಯುವಷ್ಟರಲ್ಲಿ ಮಣ್ಣು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತವನ್ನು ಬೀರತೊಡಗುತ್ತದೆ. ಆ ಕಪ್ಪುಗೆಸರನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳಸಂದಿಯಿಂದ ಒಸರುವ ನೀರಿಗೂ ಕೆರೆಯ ಮೇಲ್ಗಡೆ ತೆರೆಯಾಡುವ ನೀರಿಗೂ ಬಣ್ಣದಲ್ಲಿ, ವಾಸನೆಯಲ್ಲಿ, ಗುಣದಲ್ಲಿ ಸಂಬಂಧವೇ ಇಲ್ಲದಂತೆ ತೋರುವುದು. ಒಂದು ಕಾಲಕ್ಕೆ ಎರಡೂ ಒಂದೇ ನೀರಾಗಿದ್ದುವು. ಕೆಸರಿನೊಳಗೆ ಸಿಕ್ಕಿಕೊಂಡ ನೀರು ಕೊಳೆಯುವ ಎಲೆ, ಬೇರು, ಹುಳುಹುಪ್ಪಟೆಗಳ ಸಾರವನ್ನು ಕುಡಿದು ಬೇರೆಯೇ ಒಂದು ದ್ರವವಾಗಿ ಮಾರ್ಪಟ್ಟಿತು.

ಕಡಲಿನ ತಳದಲ್ಲಿಯೂ ಇದೇ ಕ್ರಿಯೆಯು ಲಕ್ಷಾಂತರ ವರ್ಷಗಳ ಕಾಲಮಾನದಲ್ಲಿ, ಸಾವಿರಾರು ಅಡಿಗಳ ದಪ್ಪದ ಕೆಸರಿನಲ್ಲಿ ನಡೆಯುತ್ತಿದೆ. ಹೊಸದಾಗಿ ನೆಲೆಗೊಂಡ ಕಡಲ ಕೆಸರಿನ ಮೇಲ್ಪದರದಲ್ಲಿ ಘನಪದಾರ್ಥಕ್ಕಿಂತ ನೀರಿನ ಗಾತ್ರವೇ ಹೆಚ್ಚು. ಕಣಗಳ ಸಂದುಗೊಂದುಗಳಲ್ಲಿ ನಿಂತ ಈ ನೀರನ್ನು ರಂಧ್ರಜಲವೆಂದು ಕರೆಯುವುದುಂಟು. ಒಳನೀರೆಂದರೆ ಇನ್ನೂ ಸುಲಭ. ಇದರಲ್ಲಿ ಸಕ್ಕರೆಗಳು, ಅಮೈನೋ ಆಮ್ಲಗಳು, ಅಸಿಟಿಕ್ ಆಮ್ಲ, ಮೀಥೇನ್ ಅನಿಲ, ಮತ್ತು ಹೆಸರಿಟ್ಟು ಗುರುತಿಸಲಾಗದ ಅಸಂಖ್ಯಾತ ಸಾವಯವ ದ್ರವ್ಯಗಳು ಕರಗಿರುತ್ತವೆ. ಇವೆಲ್ಲವೂ ಸತ್ತ ಜೀವಿಗಳ ಇಂಗಾಲವೇ. ಈ ಇಂಗಾಲವು ಕೆಸರಿನಲ್ಲಿಯೇ ಹೂತುಹೋಗುವುದೋ, ಇಲ್ಲವೇ ಒಳನೀರಿನಲ್ಲಿ ಕರಗಿ ಮತ್ತೆ ಕಡಲಿಗೂ ಕಡೆಗೆ ಗಾಳಿಗೂ ಮರಳುವುದೋ ಎಂಬುದು ಭೂಮಿಯ ಹವೆಯ ಲೆಕ್ಕಕ್ಕೆ ಸೇರಿದ ಪ್ರಶ್ನೆಯಾಗಿರುವುದರಿಂದ, ಈ ನೀರಿನ ಚರಿತ್ರೆಯು ಪಂಡಿತರ ಕುತೂಹಲಕ್ಕಷ್ಟೇ ಸೇರಿದುದಲ್ಲ. ಆ ಚರಿತ್ರೆಯಲ್ಲಿ ಒಂದು ವಿಚಿತ್ರವೂ ಇದೆ. ಕೆಸರನ್ನು ಮೇಲೆತ್ತಿದ ಕೈಯೇ ಪ್ರತಿ ತಲೆಮಾರಿನಲ್ಲಿಯೂ ಕೆಸರಿನ ಗುಣವನ್ನು ಕೆಡಿಸಿತು. ಆ ಕೆಡುಕನ್ನೇ ಕಡಲಿನ ಗುಣವೆಂದು ಬಲ್ಲವರು ಭ್ರಮಿಸಿದರು. ಭ್ರಮೆ ಹರಿದಾಗಲೆಲ್ಲ ವಿದ್ಯೆಯು ಒಂದು ಹೆಜ್ಜೆ ಮುಂದೆ ನಡೆಯಿತು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಆಳಗಡಲು ನಿರ್ಜೀವವೆಂಬುದೇ ವಿದ್ವಾಂಸರ ಸಾಮಾನ್ಯ ಮತವಾಗಿತ್ತು. ಎಡ್ವರ್ಡ್ ಫೋರ್ಬ್ಸ್ ಎಂಬ ಆಂಗ್ಲ ಜೀವಶಾಸ್ತ್ರಜ್ಞರು ೧೮೪೧–೪೨ರಲ್ಲಿ ಬೀಕನ್ ಎಂಬ ನೌಕೆಯಲ್ಲಿ ಈಜಿಯನ್ ಕಡಲಿನ ತಳವನ್ನು ಬಾಚಿ, ಆಳ ಹೆಚ್ಚಿದಂತೆಲ್ಲ ಪ್ರಾಣಿಗಳು ಕಡಮೆಯಾಗುವುದನ್ನು ಕಂಡು, ೩೦೦ ಮಾರುಗಳಿಂದ ಕೆಳಗೆ ಜೀವವೇ ಇರಲಾರದೆಂದು ಊಹಿಸಿದರು. ೧೮೬೦ರಲ್ಲಿ ಮೆಡಿಟರೇನಿಯನ್ ಸಮುದ್ರದ ಆಳದಿಂದ ದುರಸ್ತಿಗಾಗಿ ಎತ್ತಿದ ತಂತಿಯ ಹಗ್ಗಕ್ಕೆ ಹವಳದ ಜೀವಿಗಳು ಅಂಟಿಕೊಂಡು ಬಂದಾಗ ಆ ಊಹೆಯು ಕುಸಿಯಿತು. ಆದರೆ ಒಂದು ಅತಿರೇಕವು ಬಿದ್ದ ಕೂಡಲೆ ಅದರ ಎದುರಿನ ಅತಿರೇಕವು ತಲೆಯೆತ್ತಿತು. ಆ ಕಥೆಯು ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದಾಗಿದೆ.

೧೮೫೭ರಲ್ಲಿ ಸೈಕ್ಲಾಪ್ಸ್ ಎಂಬ ನೌಕೆಯು ತಂತಿ ಹಾಸುವುದಕ್ಕಾಗಿ ಉತ್ತರ ಅಟ್ಲಾಂಟಿಕ್ಕಿನ ಆಳವನ್ನು ಅಳೆಯುತ್ತ, ತಳದ ಕೆಸರನ್ನು ಎತ್ತಿ ಸೀಸೆಗಳಲ್ಲಿ ಮದ್ಯಸಾರ ಹಾಕಿ ಇಟ್ಟಿತು. ಥಾಮಸ್ ಹೆನ್ರಿ ಹಕ್ಸ್‌ಲಿಯವರು ೧೮೬೮ರಲ್ಲಿ ಅದೇ ಸೀಸೆಗಳನ್ನು ಮತ್ತೆ ಪರೀಕ್ಷಿಸಲು, ಕೆಸರಿನ ನಡುವೆ ಲೋಳೆಯಂತಹ ಒಂದು ಪದಾರ್ಥವು ಬಲೆಯಂತೆ ಹಬ್ಬಿರುವುದು ಕಂಡುಬಂತು. ಅದನ್ನು ಆದಿಮ ಜೀವದ್ರವ್ಯವೆಂದು ಬಗೆದು ಬ್ಯಾಥಿಬಿಯಸ್ ಎಂಬ ಹೆಸರನ್ನಿಟ್ಟು, ಜರ್ಮನಿಯ ಅರ್ನ್ಸ್ಟ್ ಹೇಕೆಲ್ಲರ ಗೌರವಾರ್ಥವಾಗಿ ಅವರ ಹೆಸರನ್ನೂ ಅದಕ್ಕೆ ಸೇರಿಸಿದರು. ಹೇಕೆಲ್ಲರಿಗಂತೂ ಇದು ಬಯಸಿದ ಭಾಗ್ಯವೇ ಆಯಿತು. ಜಡದಿಂದ ಜೀವವು ಹುಟ್ಟುವ ತೊಟ್ಟಿಲು ಕಡಲಿನ ತಳದಲ್ಲಿ ದೊರೆತಂತಾಯಿತಷ್ಟೆ. ಭೂಮಿಯ ತಳಗಡಲುಗಳನ್ನೆಲ್ಲ ಒಂದೇ ಜೀವದ ಲೋಳೆಯು ಹೊದೆದುಕೊಂಡಿದೆಯೆಂಬ ಭಾವನೆಯು ಕೆಲವು ವರ್ಷ ಯೂರೋಪಿನ ವಿದ್ವತ್ಸಭೆಗಳಲ್ಲಿ ಗಂಭೀರವಾಗಿ ಚರ್ಚೆಗೊಳಗಾಯಿತು.

೧೮೭೨ರ ಡಿಸೆಂಬರಿನಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ನೌಕೆಯು ವೈವಿಲ್ ಥಾಮ್ಸನ್ನರ ಮುಂದಾಳುತನದಲ್ಲಿ ಲೋಕಪರ್ಯಟನಕ್ಕೆ ಹೊರಟಿತು. ಹೊಸ ಕೆಸರನ್ನು ಎತ್ತಿದಾಗಲೆಲ್ಲ ಬ್ಯಾಥಿಬಿಯಸ್ಸಿಗಾಗಿ ಹುಡುಕಾಟ ನಡೆಯಿತು. ಅದು ಎಲ್ಲಿಯೂ ಸಿಕ್ಕಲಿಲ್ಲ. ನೌಕೆಯ ರಸಾಯನಶಾಸ್ತ್ರಜ್ಞರಾದ ಜಾನ್ ಯಂಗ್ ಬ್ಯುಕಾನನ್ನರು ಕಡೆಗೆ ಗುಟ್ಟನ್ನು ಬಯಲು ಮಾಡಿದರು. ಕಡಲ ನೀರಿಗೆ ಮದ್ಯಸಾರವನ್ನು ಹೆಚ್ಚಾಗಿ ಬೆರಸಿದರೆ, ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಸಲ್ಫೇಟು ಲೋಳೆಯ ರೂಪದಲ್ಲಿ ಹೊರಬೀಳುತ್ತದೆ. ಹಕ್ಸ್‌ಲಿಯವರು ಜೀವದ್ರವ್ಯವೆಂದು ಕಂಡುದು ಕೆಸರನ್ನು ಕಾಪಾಡಲು ಹಾಕಿದ ಮದ್ಯಸಾರದ ಸೃಷ್ಟಿ! ಈ ವರ್ತಮಾನವು ತಲುಪಿದೊಡನೆ, ೧೮೭೫ರಲ್ಲಿ, ಹಕ್ಸ್‌ಲಿಯವರು ತಮ್ಮ ತಪ್ಪನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಒಪ್ಪಿಕೊಂಡರು. ಅವರ ಖ್ಯಾತಿಗೆ ಅದರಿಂದ ಕುಂದೇನೂ ಬರಲಿಲ್ಲ. ಹೇಕೆಲ್ಲರು ಮಾತ್ರ ತಮ್ಮ ತೊಟ್ಟಿಲನ್ನು ಇನ್ನೂ ಕೆಲವು ಕಾಲ ತೂಗುತ್ತಲೇ ಇದ್ದರು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಲೋಳೆಯು ಹುಟ್ಟಿದುದು ಕೆಸರಿನ ಕಣಗಳಿಂದಲ್ಲ, ಕೆಸರಿನೊಳಗಿದ್ದ ನೀರಿನಿಂದ. ಆಳಗಡಲಿನ ಒಳನೀರು ವಿಜ್ಞಾನದ ರಂಗಸ್ಥಳಕ್ಕೆ ಮೊದಲು ಬಂದುದು ಹೀಗೆ, ಇನ್ನೊಂದರ ವೇಷವನ್ನು ತೊಟ್ಟು.

ಚಾಲೆಂಜರ್ ೧೮೭೬ರ ಮೇ ತಿಂಗಳಿನಲ್ಲಿ ಹಿಂದಿರುಗುವಷ್ಟರಲ್ಲಿ ೬೮,೮೯೦ ಕಡಲಮೈಲಿಗಳನ್ನು ಸುತ್ತಿತ್ತು. ಅದರಲ್ಲಿದ್ದ ಜಾನ್ ಮರೇ ಎಂಬವರು ಮುಂದೆ ರೆನಾರ್ ಎಂಬ ವಿದ್ವಾಂಸರೊಡನೆ ಸೇರಿ ಕಡಲ ತಳದ ಗಸಿಗಳನ್ನು ವಿಂಗಡಿಸಿ ೧೮೯೧ರಲ್ಲಿ ಒಂದು ಮಹಾಗ್ರಂಥವನ್ನು ಹೊರತಂದರು. ಆದರೆ ಒಳನೀರಿನ ಚರಿತ್ರೆಗೆ ಅದಕ್ಕಿಂತ ಮುಖ್ಯವಾದುದು, ಅದೇ ದಶಕದಲ್ಲಿ ಮರೇ ಅವರೂ ರಾಬರ್ಟ್ ಅರ್ವಿನ್ನರೂ ನೀಲಿಗೆಸರಿನಿಂದ ನೀರನ್ನು ಬೇರ್ಪಡಿಸಿ ನಡೆಸಿದ ಪರೀಕ್ಷೆ. ಆ ನೀರಿನಲ್ಲಿ ಸಲ್ಫೇಟು ಕಡಲ ನೀರಿಗಿಂತ ಕಡಮೆಯಾಗಿಯೂ ಕ್ಷಾರಗುಣವು ಹೆಚ್ಚಾಗಿಯೂ ಇದ್ದಿತು. ಕೊಳೆಯುವ ಸಾವಯವ ದ್ರವ್ಯವು ಆಮ್ಲಜನಕವು ಸಾಲದೆ ಹೋದಾಗ ಸಲ್ಫೇಟಿನಲ್ಲಿರುವ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಆಗ ಉಳಿದ ಗಂಧಕವು ನಾತದ ಹೈಡ್ರೋಜನ್ ಸಲ್ಫೈಡಾಗಿ, ಕಬ್ಬಿಣದೊಡನೆ ಕೂಡಿ ಕೆಸರನ್ನು ಕಪ್ಪಾಗಿಸುತ್ತದೆ. ಕೆರೆಯ ಗೋಡಿಗೂ ಕಡಲ ಕೆಸರಿಗೂ ಕಪ್ಪು ಬಣ್ಣವು ಬರುವ ಕಾರಣ ಒಂದೇ. ಆದರೆ ಸಿಹಿನೀರಿನಲ್ಲಿ ಸಲ್ಫೇಟು ಅಲ್ಪ, ಕಡಲಿನಲ್ಲಿ ಹೇರಳ. ಕೆರೆಯ ಕೆಸರು ಬೇಗನೆ ಮೀಥೇನಿನ ಗುಳ್ಳೆಗಳನ್ನೆಬ್ಬಿಸಿದರೆ, ಕಡಲ ಕೆಸರು ಸಲ್ಫೇಟು ತೀರುವವರೆಗೆ ಕಾಯಬೇಕಾಗುವುದು.

ಚಾಲೆಂಜರ್ ಅರಬ್ಬೀ ಸಮುದ್ರಕ್ಕೆ ಬರಲೇ ಇಲ್ಲ. ದಕ್ಷಿಣದಲ್ಲಿ ಕೇಪಿನಿಂದ ಕೆರ್ಗುಲೆನ್ ದ್ವೀಪದ ಮಾರ್ಗವಾಗಿ ಆಸ್ಟ್ರೇಲಿಯಾಕ್ಕೆ ಸಾಗಿಹೋಯಿತು. ಕಾರವಾರದಿಂದ ಮಂಜೇಶ್ವರದವರೆಗಿನ ಕನ್ನಡಿಗರ ಕಣ್ಣೆದುರಿನ ಕಡಲನ್ನು ಇನ್ವೆಸ್ಟಿಗೇಟರ್ ಎಂಬ ಸರಕಾರೀ ಮೋಜಣಿ ನೌಕೆಯಷ್ಟೇ ಆಗಾಗ ಶೋಧಿಸುತ್ತಿತ್ತು. ಅದರಲ್ಲಿದ್ದ ವೈದ್ಯ ಆಲ್ಕಾಕ್ ಅವರು ಆಳದ ಮೀನು ಏಡಿಗಳನ್ನು ವರ್ಣಿಸಿ ೧೯೦೨ರಲ್ಲಿ ಒಂದು ಸೊಗಸಾದ ಪುಸ್ತಕವನ್ನು ಬರೆದರು. ಕೆಸರಿನ ರಸಾಯನಕ್ಕೆ ಸರದಿ ಬಂದುದು ಮರೇ ಅವರ ಹಣದಿಂದ. ಕ್ರಿಸ್‌ಮಸ್ ದ್ವೀಪದ ಒಂದು ಕಲ್ಲಿನ ಚೂರನ್ನು ಪರೀಕ್ಷಿಸಿ ಅದು ಫಾಸ್ಫೇಟೆಂದು ಗುರುತಿಸಿದ ಮರೇ ಅವರು ಅಲ್ಲಿಯ ಗಣಿಯಿಂದ ಧನವಂತರಾದರು. ಆ ದ್ವೀಪದಿಂದ ಸರಕಾರಕ್ಕೆ ಬಂದ ಆದಾಯವೇ ಚಾಲೆಂಜರ್ ಯಾತ್ರೆಯ ವೆಚ್ಚವನ್ನು ಮೀರಿತೆಂದು ಅವರು ಹೇಳುತ್ತಿದ್ದರು. ೧೯೧೪ರಲ್ಲಿ ಮೋಟಾರು ಅಪಘಾತದಲ್ಲಿ ಅವರು ತೀರಿಕೊಂಡ ಬಳಿಕ, ಅವರು ಬಿಟ್ಟುಹೋದ ನಿಧಿಯಿಂದ ೧೯೩೩–೩೪ರಲ್ಲಿ ಅವರ ಹೆಸರಿನ ಯಾತ್ರೆಯೊಂದು ಅರಬ್ಬೀ ಸಮುದ್ರಕ್ಕೆ ಹೊರಟಿತು. ನೌಕೆಯು ಈಜಿಪ್ಟ್ ದೇಶದ ಮಬಾಹಿತ್; ನಾಯಕರು ಭಾರತದ ಪ್ರಾಣಿಶಾಸ್ತ್ರ ಸಮೀಕ್ಷಾ ಇಲಾಖೆಯ ನಿರ್ದೇಶಕರಾಗಿದ್ದ ಸೀಮೂರ್ ಸೂಯೆಲ್.

ಈ ಯಾತ್ರೆಯು ಕಂಡುಕೊಂಡ ಸಂಗತಿಗಳಲ್ಲಿ ಒಂದು ಫೋರ್ಬ್ಸ್‌ರ ಹಳೆಯ ಊಹೆಯನ್ನು ನೆನಪಿಗೆ ತರುವಂತಿತ್ತು. ಅರಬ್ಬೀ ಸಮುದ್ರದ ನಡುವಣ ಆಳಗಳಲ್ಲಿ, ಸುಮಾರು ೧೫೦ ಮೀಟರಿನಿಂದ ೧,೦೦೦ ಮೀಟರಿನವರೆಗೆ, ಆಮ್ಲಜನಕವು ಬಹುಮಟ್ಟಿಗೆ ಇಲ್ಲವೇ ಇಲ್ಲ. ಆ ನೀರು ತಗಲುವ ಇಳಿಜಾರಿನ ಕೆಲವು ಕಡೆಗಳಲ್ಲಿ ಬಲೆಗೆ ಪ್ರಾಣಿಗಳು ಬೀಳದೆ, ಹೈಡ್ರೋಜನ್ ಸಲ್ಫೈಡಿನ ನಾತದ ಹಸುರುಗೆಸರಷ್ಟೇ ಬಂದಿತು. ಅದಕ್ಕೂ ಕೆಳಗೆ, ಮತ್ತಷ್ಟು ಆಳದಲ್ಲಿ, ಜೀವಿಗಳು ಮತ್ತೆ ಕಾಣಿಸಿಕೊಂಡುವು. ಯಾತ್ರೆಯ ಕೆಸರಿನಲ್ಲಿದ್ದ ಇಂಗಾಲ ಮತ್ತು ಸಾರಜನಕಗಳ ಲೆಕ್ಕವನ್ನು ವೈಸ್‌ಮನ್ ಮತ್ತು ಬೆನೆಟ್ ಎಂಬವರು ೧೯೪೦ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಯುದ್ಧವು ಬಂದು ಕಡಲು ಬೇರೆಯ ಕೆಲಸಗಳಿಗೆ ಮೀಸಲಾಯಿತು. ೧೯೫೯ರಿಂದ ೧೯೬೫ರವರೆಗೆ ಹಲವು ದೇಶಗಳ ಹಡಗುಗಳು ಕೂಡಿ ಹಿಂದೂ ಮಹಾಸಾಗರವನ್ನು ಶೋಧಿಸಿದುವು. ಭಾರತದ ಕಿಸ್ತ್ನಾ ನೌಕೆಯೂ ಅವುಗಳಲ್ಲಿ ಒಂದು. ಆ ಉದ್ಯಮದ ಫಲವಾಗಿ ೧೯೬೬ರ ಜನವರಿ ೧ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯು ಸ್ಥಾಪಿತವಾಗಿ, ಕಾರವಾರದ ಮಗ್ಗುಲಿನ ಗೋವೆಯಲ್ಲಿ ನೆಲೆಗೊಂಡಿತು. ಮುಂದೆ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಸಾಗರ ಭೂವಿಜ್ಞಾನಕ್ಕೆ ಪ್ರತ್ಯೇಕವಾದ ವಿಭಾಗವೊಂದು ಏರ್ಪಟ್ಟಿತು.

ಹಡಗುಗಳು ಬಂದುವು, ಕೆಸರೂ ಬಂದಿತು. ಅದರ ನೀರನ್ನು ಹೊರತೆಗೆಯುವ ಬಗೆ ಹೇಗೆ? ಉಕ್ಕಿನ ಉರುಳೆಯಲ್ಲಿ ಕೆಸರನ್ನು ತುಂಬಿ ಗಾಣದಂತೆ ಒತ್ತಿ ಹಿಂಡುವುದು, ಇಲ್ಲವೇ ಅನಿಲದ ಒತ್ತಡದಿಂದ ಸೋಸುಕಾಗದದ ಮೂಲಕ ನೀರನ್ನು ತಳ್ಳುವುದು, ಇಲ್ಲವೇ ವೇಗವಾಗಿ ತಿರುಗಿಸಿ ಬೇರ್ಪಡಿಸುವುದು, ಹೀಗೆ ನಾನಾ ಉಪಾಯಗಳು ೧೯೬೦ರ ದಶಕದಲ್ಲಿ ರೂಢಿಗೆ ಬಂದುವು. ಆಗ ಒಳನೀರಿನಲ್ಲಿ ಪೊಟ್ಯಾಸಿಯಂ ಕಡಲ ನೀರಿಗಿಂತ ಹೆಚ್ಚಾಗಿರುವುದೆಂದು ಹಲವು ಕಡೆಗಳಿಂದ ವರದಿಗಳು ಬಂದು, ಅದಕ್ಕೆ ಕಾರಣಗಳನ್ನು ಕಲ್ಪಿಸುವ ಕೆಲಸವೂ ನಡೆಯುತ್ತಿತ್ತು. ೧೯೬೯ರಲ್ಲಿ ಮ್ಯಾಂಗೆಲ್ಸ್‌ಡಾರ್ಫ್ ಮತ್ತು ಅವರ ಸಂಗಡಿಗರು ಸರಳವಾದ ಸತ್ಯವೊಂದನ್ನು ತೋರಿಸಿದರು. ಆಳಗಡಲಿನ ತಳದಲ್ಲಿ ಶಾಖವು ಎರಡು ಮೂರು ಡಿಗ್ರಿಗಳಷ್ಟೇ. ಹಡಗಿನ ಕೋಣೆಯಲ್ಲಿ ಇಪ್ಪತ್ತಕ್ಕೂ ಮೇಲೆ. ಕೆಸರು ಬೆಚ್ಚಗಾದೊಡನೆ ಜೇಡಿಯ ಕಣಗಳು ಹಿಡಿದಿಟ್ಟಿದ್ದ ಪೊಟ್ಯಾಸಿಯಂ ನೀರಿಗೆ ಜಾರುತ್ತದೆ. ಹಕ್ಸ್‌ಲಿಯವರನ್ನು ಮದ್ಯಸಾರವು ವಂಚಿಸಿದಂತೆ ಇವರನ್ನು ಕೋಣೆಯ ಬಿಸಿಯು ವಂಚಿಸಿತ್ತು. ಅಂದಿನಿಂದ ಕೆಸರನ್ನು ಅದರ ತೌರಿನ ತಣ್ಪಿನಲ್ಲಿಯೇ ಹಿಂಡಬೇಕೆಂಬುದು ನಿಯಮವಾಯಿತು. ಸಾವಯವ ದ್ರವ್ಯಗಳ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು: ಬಲವಾಗಿ ಹಿಂಡಿದರೆ ಕೆಸರಿನಲ್ಲಿರುವ ಹುಳುಗಳೂ ಸೂಕ್ಷ್ಮಜೀವಿಗಳೂ ಒಡೆದು, ಅವುಗಳ ಮೈಯ ರಸವೇ ಒಳನೀರಿನೊಡನೆ ಬೆರೆತುಬಿಡುವುದು.

ಇಷ್ಟೆಲ್ಲ ಎಚ್ಚರವನ್ನು ವಹಿಸಿದ ಮೇಲೆ ದೊರೆತ ನೀರಿನಲ್ಲಿ ಏನಿತ್ತು? ೧೯೭೨ರಲ್ಲಿ ನಿಸ್ಸೆನ್‌ಬಾಮ್, ಬೇಡೆಕರ್ ಮತ್ತು ಕಪ್ಲಾನ್ ಎಂಬ ಮೂವರು ಕೆನಡಾ ದೇಶದ ಸಾನಿಚ್ ಕೊಲ್ಲಿಯ ಕೆಸರಿನಿಂದಲೂ, ೧೯೭೭ರಲ್ಲಿ ಕ್ರಾಮ್ ಮತ್ತು ಶೋಲ್ಕೊವಿಟ್ಸ್ ಎಂಬವರು ಸ್ಕಾಟ್ಲೆಂಡಿನ ಡ್ಯೂಇಕ್ ಎಂಬ ಕೊಲ್ಲಿಯ ಕೆಸರಿನಿಂದಲೂ ನೀರನ್ನು ತೆಗೆದು ಪರೀಕ್ಷಿಸಿದರು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಆಳಕ್ಕೆ ಹೋದಂತೆ ಕರಗಿದ ಸಾವಯವ ಇಂಗಾಲವು ಹೆಚ್ಚುತ್ತ ಹೋಗುವುದು ತಿಳಿದುಬಂತು. ಆಳಗಡಲಿನ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಇಂಗಾಲವಿದ್ದರೆ, ಇಂತಹ ಒಳನೀರಿನಲ್ಲಿ ಅದರ ಹತ್ತಾರು ಪಾಲು ಇರುವುದುಂಟು. ೧೯೭೯ರಲ್ಲಿ ಸೂಸನ್ ಹೆನ್ರಿಕ್ಸ್ ಮತ್ತು ಜಾನ್ ಫ್ಯಾರಿಂಗ್ಟನ್ ಅವರು ಅಮೈನೋ ಆಮ್ಲಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಅದೇ ವರ್ಷ ಫ್ರೋಲಿಕ್ ಮೊದಲಾದವರು ಅಟ್ಲಾಂಟಿಕ್ಕಿನ ಆಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಊಟದ ಕ್ರಮವನ್ನು ಒಳನೀರಿನ ರಸಾಯನದಿಂದಲೇ ಓದಿ ತೋರಿಸಿದರು. ಕಣಜದ ಬತ್ತವು ತೀರಿದ ಮೇಲೆ ಹಗೇವಿನ ರಾಗಿಗೆ ಕೈಹಾಕುವ ಮನೆಯವರಂತೆ, ಅವು ಮೊದಲು ಆಮ್ಲಜನಕವನ್ನೂ, ಅದು ಮುಗಿದರೆ ನೈಟ್ರೇಟನ್ನೂ, ಆಮೇಲೆ ಮ್ಯಾಂಗನೀಸು ಮತ್ತು ಕಬ್ಬಿಣದ ಕಿಲುಬುಗಳನ್ನೂ, ಅನಂತರ ಸಲ್ಫೇಟನ್ನೂ ಬಳಸುತ್ತವೆ. ಎಲ್ಲವೂ ಬರಿದಾದಾಗ ಮೀಥೇನ್ ಹುಟ್ಟುತ್ತದೆ.

ಈ ಸಂದರ್ಭದಲ್ಲಿ ಅಸಿಟಿಕ್ ಆಮ್ಲದ ಕಥೆಯನ್ನು ಹೇಳದೆ ಬಿಡಲಾಗದು. ವಿನೆಗರಿಗೆ ಹುಳಿಯನ್ನು ಕೊಡುವ ಪದಾರ್ಥವೇ ಇದು. ಕೆಸರಿನ ದೊಡ್ಡ ಅಣುಗಳನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ಕತ್ತರಿಸಿ ಹುದುಗೆಬ್ಬಿಸಿ ಈ ಆಮ್ಲವನ್ನು ಹೊರಹಾಕುತ್ತವೆ; ಸಲ್ಫೇಟನ್ನು ಬಳಸುವ ಇನ್ನೊಂದು ಬಗೆಯವು ಅದನ್ನು ಒಡನೆಯೇ ತಿಂದುಬಿಡುತ್ತವೆ. ಆದುದರಿಂದ ಒಳನೀರನ್ನು ಅಳೆದಾಗ ಅದು ಅತ್ಯಲ್ಪವಾಗಿ ಕಾಣುತ್ತಿತ್ತು. ಅಲ್ಪವಾದುದು ಅಮುಖ್ಯವೆಂದು ತಿಳಿಯುವುದು ಸಹಜವೂ ಆಗಿತ್ತು. ಆದರೆ ಕೆರೆಗೆ ನೀರು ತುಂಬಿ ಬರುತ್ತಿದ್ದು ತೂಬೂ ತೆರೆದಿದ್ದರೆ, ನೀರಿನ ಮಟ್ಟವನ್ನು ಮಾತ್ರ ನೋಡಿದವನಿಗೆ ಎಷ್ಟು ನೀರು ಹಾದುಹೋಯಿತೆಂಬುದು ತಿಳಿಯಲಾರದು. ೧೯೮೧ರಲ್ಲಿ ಡೆನ್ಮಾರ್ಕಿನ ಸೊರೆನ್ಸೆನ್, ಕ್ರಿಸ್ಟೆನ್ಸೆನ್ ಮತ್ತು ಯೋರ್ಗೆನ್ಸೆನ್ ಅವರು ತೂಬನ್ನು ಮುಚ್ಚಿ ನೋಡಿದರು. ಮಾಲಿಬ್ಡೇಟ್ ಎಂಬ ಲವಣವನ್ನು ಬೆರಸಿದರೆ ಸಲ್ಫೇಟು ಬಳಸುವ ಜೀವಿಗಳ ಕೆಲಸವು ನಿಲ್ಲುವುದು. ನಿಂತ ಕೂಡಲೆ ಅಸಿಟಿಕ್ ಆಮ್ಲವು ಒಳನೀರಿನಲ್ಲಿ ಏರತೊಡಗಿತು. ಆ ಏರಿಕೆಯ ವೇಗವೇ ಹರಿವಿನ ಅಳತೆ. ಕಂಡೂ ಕಾಣದಷ್ಟು ಇದ್ದ ಆ ಆಮ್ಲವೇ ಸಲ್ಫೇಟು ಬಳಸುವ ಜೀವಿಗಳ ಮುಖ್ಯ ಆಹಾರವೆಂದು ಹೀಗೆ ಸಿದ್ಧವಾಯಿತು. ಈ ಚರಿತ್ರೆಯಲ್ಲಿ ಇದಕ್ಕಿಂತ ಜಾಣತನದ ಪ್ರಯೋಗವು ಮತ್ತೊಂದಿಲ್ಲವೆಂದರೂ ಸಲ್ಲುವುದು.

ಮೂರನೆಯ ಭ್ರಮೆಯು ಜಪಾನಿನಲ್ಲಿ ಹುಟ್ಟಿತು. ೧೯೮೮ರಲ್ಲಿ ಸುಗಿಮುರಾ ಮತ್ತು ಸುಝುಕಿ ಎಂಬವರು ಕಡಲ ನೀರನ್ನು ಹೆಚ್ಚಿನ ಶಾಖದಲ್ಲಿ ಸುಟ್ಟು ಇಂಗಾಲವನ್ನು ಅಳೆಯುವ ಹೊಸ ವಿಧಾನದಿಂದ, ಕರಗಿದ ಸಾವಯವ ಇಂಗಾಲವು ಹಿಂದಿನ ಅಳತೆಗಳ ಎರಡು ಮೂರು ಪಾಲು ಇರುವುದೆಂದು ಸಾರಿದರು. ಸಾಗರವಿಜ್ಞಾನಿಗಳ ಲೋಕವು ತಲ್ಲಣಿಸಿತು. ಅಷ್ಟೊಂದು ಇಂಗಾಲವು ಎಲ್ಲರ ಕಣ್ಣು ತಪ್ಪಿಸಿಕೊಂಡಿದ್ದರೆ ಭೂಮಿಯ ಲೆಕ್ಕವನ್ನೆಲ್ಲ ಮೊದಲಿನಿಂದ ಬರೆಯಬೇಕಾಗುತ್ತಿತ್ತು. ಹಲವು ಪ್ರಯೋಗಶಾಲೆಗಳು ಒಂದೇ ನೀರನ್ನು ಹಂಚಿಕೊಂಡು ಅಳೆದು ಹೋಲಿಸಿದುವು, ಹೆಚ್ಚುವರಿಯು ನಿಲ್ಲಲಿಲ್ಲ. ಯಂತ್ರದಲ್ಲಿಯೇ ಇರುವ ಇಂಗಾಲವನ್ನು ಲೆಕ್ಕದಿಂದ ಸರಿಯಾಗಿ ಕಳೆಯದಿದ್ದರೆ ಅಳತೆಯು ಉಬ್ಬುವುದೆಂದು ಎಲ್ಲರಿಗೂ ಮನವರಿಕೆಯಾಯಿತು. ೧೯೯೩ರಲ್ಲಿ ಸುಝುಕಿಯವರು ತಮ್ಮ ಫಲಿತಾಂಶವನ್ನು ಹಿಂದಕ್ಕೆ ತೆಗೆದುಕೊಂಡರು. ಹಕ್ಸ್‌ಲಿಯವರ ಬಳಿಕ ೧೧೮ ವರ್ಷಗಳಿಗೆ ಅದೇ ದಾರಿಯಲ್ಲಿ ನಡೆದ ಈ ಗೃಹಸ್ಥರ ನಡತೆಯೂ ಗೌರವಕ್ಕೆ ಪಾತ್ರವಾದುದು; ಅಲ್ಲದೆ ಆ ಗಲಭೆಯಿಂದಲೇ ಸುಡುವ ವಿಧಾನವು ಶುದ್ಧಗೊಂಡು, ಕೆಸರಿನ ಒಳನೀರಿನ ಕೆಲವೇ ಹನಿಗಳಲ್ಲಿಯೂ ಇಂಗಾಲವನ್ನು ನಂಬಿಕೆಯಿಂದ ಅಳೆಯುವುದು ಸಾಧ್ಯವಾಯಿತು.

ಅಂತಹ ಅಳತೆಗಳನ್ನು ಕಲೆಹಾಕಿದ ಅಮೆರಿಕದ ಡೇವಿಡ್ ಬರ್ಡಿಜ್ ಮತ್ತು ಅವರ ಸಂಗಡಿಗರು ೧೯೯೯ರಲ್ಲಿ ಒಂದು ಅಂದಾಜನ್ನು ಕೊಟ್ಟರು. ತೀರಕ್ಕೆ ಹತ್ತಿರದ ಕೆಸರುಗಳಿಂದ ವರ್ಷಕ್ಕೆ ಸುಮಾರು ೧೮ ಕೋಟಿ ಟನ್ನು ಕರಗಿದ ಸಾವಯವ ಇಂಗಾಲವು ಮೇಲಣ ನೀರಿಗೆ ಒಸರುತ್ತದೆ. ಭೂಮಿಯ ನದಿಗಳೆಲ್ಲ ಕೂಡಿ ಕಡಲಿಗೆ ತರುವ ಕರಗಿದ ಸಾವಯವ ಇಂಗಾಲವು ಸುಮಾರು ೨೫ ಕೋಟಿ ಟನ್ನು. ಗಂಗೆ, ಅಮೆಜಾನ್, ಕಾಂಗೋ ಮುಂತಾದ ಮಹಾನದಿಗಳಿಗೆ ಸಾಟಿಯಾದ ಇನ್ನೊಂದು ನದಿಯು, ಹೆಸರಿಲ್ಲದೆ, ದಡವಿಲ್ಲದೆ, ತಳದಿಂದ ಮೇಲಕ್ಕೆ ಹರಿಯುತ್ತಿರುವಂತಾಯಿತು. ಅದರಲ್ಲಿ ಎಷ್ಟು ಪಾಲನ್ನು ಕಡಲಿನ ಜೀವಿಗಳು ಕೂಡಲೇ ತಿಂದು ಮುಗಿಸುವುವು, ಎಷ್ಟು ಪಾಲು ಸಾವಿರಾರು ವರ್ಷ ಕರಗಿದಂತೆಯೇ ಉಳಿಯುವುದು ಎಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆ. ಕಡಲಿನಲ್ಲಿ ಕರಗಿರುವ ಒಟ್ಟು ಸಾವಯವ ಇಂಗಾಲವು ಸುಮಾರು ೬೬,೦೦೦ ಕೋಟಿ ಟನ್ನು. ಗಾಳಿಯಲ್ಲಿ ಇಂಗಾಲಾಮ್ಲದ ರೂಪದಲ್ಲಿರುವ ಇಂಗಾಲಕ್ಕೆ ಇದು ಹೆಚ್ಚು ಕಡಮೆ ಹೋಲುವ ಮೊತ್ತವಾದುದರಿಂದ, ಇಲ್ಲಿಯ ಸಣ್ಣ ಏರುಪೇರೂ ಅಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳಬಲ್ಲುದು.

ಇಂಗಾಲವು ಉಳಿಯುವುದೇಕೆ ಎಂಬ ಪ್ರಶ್ನೆಯ ಮೇಲೆ ನಡೆದ ಒಂದು ಹುರುಪಿನ ವಾದದ ರಂಗಭೂಮಿಯು ಪಶ್ಚಿಮ ಭಾರತದ ಕಡಲ ಇಳಿಜಾರೇ ಆಗಿತ್ತು. ಅಲ್ಲಿಯ ಕೆಸರಿನಲ್ಲಿ ಸಾವಯವ ಇಂಗಾಲವು ನೂರಕ್ಕೆ ನಾಲ್ಕು ಪಾಲನ್ನು ಮೀರುವ ಪಟ್ಟೆಯೊಂದಿದೆ. ಬಹುತೇಕ ಆಳಗಡಲಿನ ಕೆಸರಿನಲ್ಲಿ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಗೋವೆಯ ಸಂಸ್ಥೆಯ ಪರೋಪ್ಕಾರಿ, ಪ್ರಕಾಶಬಾಬು ಮತ್ತು ಮಸ್ಕರೇನ್ಹಸ್ ಅವರು ೧೯೯೨–೯೩ರಲ್ಲಿ, ಆಮ್ಲಜನಕವಿಲ್ಲದ ನೀರು ತಗಲುವ ಕಡೆಯಲ್ಲಿ ಕೊಳೆಯುವಿಕೆ ಕುಂಠಿತವಾಗಿ ಇಂಗಾಲವು ಉಳಿದಿದೆಯೆಂದು ವಾದಿಸಿದರು. ಕೆನಡಾದ ಕ್ಯಾಲ್ವರ್ಟ್ ಮತ್ತು ಪೆಡರ್ಸನ್ ಅವರು, ಗೋವೆಯ ಸಂಸ್ಥೆಯವರೇ ಆದ ದಿವಾಕರ ನಾಯ್ಡು ಅವರನ್ನೂ ಜರ್ಮನಿಯ ಫಾನ್ ಸ್ಟಾಕೆಲ್‌ಬರ್ಗ್ ಅವರನ್ನೂ ಕೂಡಿಕೊಂಡು, ೧೯೯೫ರಲ್ಲಿ ಇದಕ್ಕೆ ಎದುರಾಡಿದರು: ಇಂಗಾಲದ ಪಟ್ಟೆಯು ಆಮ್ಲಜನಕವಿಲ್ಲದ ಪಟ್ಟೆಗೆ ಸರಿಯಾಗಿ ಹೊಂದುವುದಿಲ್ಲ, ಮೇಲಿನಿಂದ ಬೀಳುವ ದ್ರವ್ಯದ ಪ್ರಮಾಣ, ಕಣಗಳ ನಯ, ತಳದ ಪ್ರವಾಹಗಳು ತೂರಿ ಒಯ್ಯುವ ಬಗೆ, ಇವೇ ಮುಖ್ಯ. ಒಂದೇ ಸಂಸ್ಥೆಯ ಜನರು ಎರಡು ಪಕ್ಷಗಳಲ್ಲಿಯೂ ನಿಂತುದು ಆ ಸಂಸ್ಥೆಗೆ ಶೋಭೆ. ಒಂದೇ ಕಾರಣದಿಂದ ಎಲ್ಲವನ್ನೂ ವಿವರಿಸಲಾಗದೆಂಬ ಕಡೆಗೆ ಬಳಿಕದ ಒಲವು ವಾಲಿತು. ಕಡಲುಗಳು ಬಿಸಿಯೇರಿದಂತೆ ಅವುಗಳಲ್ಲಿಯ ಆಮ್ಲಜನಕವು ಕುಗ್ಗುತ್ತಿರುವ ಈ ಕಾಲದಲ್ಲಿ ಆ ವಾದಕ್ಕೆ ಹೊಸ ತೂಕವು ಬಂದಿದೆ. ಮೊದಲನೆಯ ಪಕ್ಷವು ಸರಿಯಾದರೆ ಕೆಸರು ಹೆಚ್ಚು ಇಂಗಾಲವನ್ನು ಹೂತಿಟ್ಟುಕೊಳ್ಳುವುದು. ಎರಡನೆಯದು ಸರಿಯಾದರೆ ಆ ನೆರವನ್ನು ನೆಚ್ಚುವಂತಿಲ್ಲ. ತೀರಕ್ಕೆ ಇನ್ನೂ ಹತ್ತಿರದಲ್ಲಿ, ಮಳೆಗಾಲ ಮುಗಿಯುವ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಪಶ್ಚಿಮ ತೀರದ ಆಳವಿಲ್ಲದ ನೀರಿನಲ್ಲಿಯೂ ಆಮ್ಲಜನಕವು ತೀರಿ ಹೈಡ್ರೋಜನ್ ಸಲ್ಫೈಡು ತಲೆದೋರುವುದನ್ನು ಅದೇ ಸಂಸ್ಥೆಯ ನಖ್ವಿ ಮೊದಲಾದವರು ೨೦೦೦ದಲ್ಲಿ ಪ್ರಕಟಿಸಿದರು. ಮೀನಿನಿಂದ ಬದುಕುವ ಕರಾವಳಿಯವರಿಗೆ ಇದು ದೂರದ ಸಂಗತಿಯಲ್ಲ.

ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಮಣ್ಣನ್ನೂ ಎಲೆಗೊಬ್ಬರದ ಸಾರವನ್ನೂ ಈ ಪಶ್ಚಿಮದ ಕಡಲಿಗೆ ಒಯ್ಯುವುವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮಳೆನೀರಿನ ದಾರಿ ಬೇರೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹುಣಸೂರನ್ನು ಹಾದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೆಗ್ಗಡದೇವನಕೋಟೆಯ ಕಪಿಲೆಯು ತಿರುಮಕೂಡಲಿನಲ್ಲಿ ಸೇರುತ್ತದೆ. ಎಲ್ಲವೂ ಬಂಗಾಳ ಕೊಲ್ಲಿಯ ಕಡೆಗೆ. ೧೯೧೧ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆಯೂ, ೧೯೩೪ರಲ್ಲಿ ಮುಗಿದ ಮೆಟ್ಟೂರಿನ ಕಟ್ಟೆಯೂ ಬಂದ ಮೇಲೆ ಈ ದಾರಿಯಲ್ಲಿ ಒಂದು ಸೋಸುವಿಕೆ ಏರ್ಪಟ್ಟಿದೆ. ನದಿಯು ಹೊತ್ತು ತಂದ ಹೂಳಿನ ಬಹುಭಾಗವು ಕಟ್ಟೆಗಳ ಹಿಂದೆ ನಿಲ್ಲುವುದು. ನೀರಿನಲ್ಲಿ ಕರಗಿದುದು ಮಾತ್ರ ತೂಬನ್ನು ದಾಟಬಲ್ಲುದು, ಅದೂ ಕಾಲುವೆಗಳ ಪಾಲಾಗದೆ ಉಳಿದಷ್ಟು. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಹೊಲದ ಮಣ್ಣು ಕಡಲ ತಳವನ್ನು ಮುಟ್ಟುವುದು ಈಗ ಅಪರೂಪ. ಕಡಲಡಿಯಲ್ಲಿ ನಡೆಯಬೇಕಾದ ಕಪ್ಪುಗೆಸರಿನ ಕೆಲಸವನ್ನು, ಮೀಥೇನಿನ ಗುಳ್ಳೆಗಳೂ ಸೇರಿದಂತೆ, ಜಲಾಶಯಗಳ ತಳವೇ ಮಾಡುತ್ತಿದೆ. ಅಲ್ಲಿ ಸಲ್ಫೇಟಿನ ಕಾವಲೂ ಇಲ್ಲ.

ಆಳದ ಕೆಸರಿಗೆ ಮರಳಿದರೆ, ಅದನ್ನು ಕೊರೆದು ನೋಡುವ ಯುಗವು ಈ ಕಡಲಿಗೆ ೧೯೭೨ರಲ್ಲಿ ಬಂದಿತು. ಹಳೆಯ ಚಾಲೆಂಜರಿನ ಹೆಸರನ್ನೇ ಹೊತ್ತ ಗ್ಲೋಮರ್ ಚಾಲೆಂಜರ್ ಎಂಬ ಹಡಗು ಲಕ್ಷದ್ವೀಪ–ಛಾಗೋಸ್ ಏಣಿನ ಮೇಲೂ ಸಿಂಧೂ ನದಿಯು ಹರಡಿದ ಕೆಸರಿನಲ್ಲಿಯೂ ಬಾವಿಗಳನ್ನು ತೋಡಿತು. ಜೀವವು ಎಷ್ಟು ಕೆಳಗಿನವರೆಗೆ ಇದೆ ಎಂಬ ಮೇರೆಯೂ ಇಂತಹ ಕೊರೆತಗಳಿಂದಲೇ ಕೆಳಗಿಳಿಯಿತು. ೧೯೫೫ರಲ್ಲಿ ಮೊರಿಟಾ ಮತ್ತು ಝೊಬೆಲ್ ಅವರು ಶಾಂತಸಾಗರದ ಕೆಸರಿನಲ್ಲಿ ಏಳೂವರೆ ಮೀಟರಿಗೆ ಗೆರೆಯೆಳೆದಿದ್ದರು. ೧೯೯೪ರಲ್ಲಿ ಜಾನ್ ಪಾರ್ಕ್ಸ್ ಮತ್ತು ಸಂಗಡಿಗರು ಐನೂರು ಮೀಟರಿಗೂ ಕೆಳಗೆ ಸೂಕ್ಷ್ಮಜೀವಿಗಳನ್ನು ಕಂಡರು. ಅಷ್ಟು ಕೆಳಗೆ ಅವುಗಳನ್ನು ಸಾಕುವ ಆಹಾರವೆಂದರೆ ಈ ಒಳನೀರಿನಲ್ಲಿ ಕರಗಿದ ದ್ರವ್ಯವೇ. ೨೦೦೬ರಲ್ಲಿ ಭಾರತ ಸರಕಾರವು ಜೋಯಿಡಿಸ್ ರೆಸಲ್ಯೂಷನ್ ಎಂಬ ಹಡಗನ್ನು ಗೊತ್ತುಮಾಡಿಕೊಂಡು, ಮೀಥೇನ್ ನೀರಿನೊಡನೆ ಹೆಪ್ಪುಗಟ್ಟಿದ ಮಂಜುಗಡ್ಡೆಗಾಗಿ ಕಡಲನ್ನು ಹುಡುಕಿಸಿತು. ಕೇರಳ–ಕೊಂಕಣದ ಬಾವಿಯಲ್ಲಿ ಅದು ದೊರೆಯಲಿಲ್ಲ. ಕೃಷ್ಣಾ–ಗೋದಾವರಿಯ ಮುಂದಣ ಕಡಲಿನಲ್ಲಿ ಸುಮಾರು ೧೨೮ ಮೀಟರು ದಪ್ಪದ ಪದರವೇ ಸಿಕ್ಕಿತು. ಅದನ್ನು ಪತ್ತೆಹಚ್ಚುವ ಗುರುತುಗಳಲ್ಲಿ ಒಂದು ಒಳನೀರಿನ ಉಪ್ಪು: ಗಡ್ಡೆಯು ಕರಗಿದಾಗ ಸಿಹಿನೀರು ಬಿಡುಗಡೆಯಾಗಿ ಹಿಂಡಿದ ನೀರು ಸಪ್ಪೆಯಾಗುವುದು. ಮೇಲೆತ್ತುವಾಗ ಕೆಸರು ಕೆಡುವ ದೋಷವನ್ನೇ ಇಲ್ಲಿ ಸಾಕ್ಷಿಯಾಗಿ ಬಳಸಿಕೊಂಡಂತಾಯಿತು.

ಅದೇ ಹಡಗು ೨೦೧೫ರ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ, ಗೋವೆಯ ಧನಂಜಯ ಪಾಂಡೆ ಮತ್ತು ಅಮೆರಿಕದ ಪೀಟರ್ ಕ್ಲಿಫ್ಟ್ ಅವರ ಜಂಟಿ ನಾಯಕತ್ವದಲ್ಲಿ, ಪಶ್ಚಿಮ ತೀರದಿಂದ ಸುಮಾರು ೪೭೫ ಕಿಲೋಮೀಟರು ದೂರದ ಲಕ್ಷ್ಮೀ ತಗ್ಗಿನಲ್ಲಿ ಕೊರೆಯಿತು. ನೀರಿನ ಆಳವು ಮೂರೂವರೆ ಸಾವಿರ ಮೀಟರಿಗೂ ಹೆಚ್ಚು. ಅದರ ಕೆಳಗೆ ಕೊರೆದುದು ಸಾವಿರದ ನೂರು ಮೀಟರು. ಒಂದು ಕೋಟಿ ವರ್ಷಗಳಿಗೂ ಹಿಂದೆ ಇಳಿಜಾರು ಕುಸಿದು ಬಿದ್ದ ಅಗಾಧವಾದ ಕೆಸರಿನ ರಾಶಿಯೊಂದು ಅಲ್ಲಿ ಎದುರಾಯಿತು. ಅದಕ್ಕೆ ನಟರಾಜನ ಹೆಸರನ್ನಿಟ್ಟಿದ್ದಾರೆ. ಕೆಸರಿನ ಕಂಬಗಳು ಹಡಗಿನ ಮೇಲಕ್ಕೆ ಬಂದ ಕೂಡಲೆ ಒಳನೀರಿಗೆ ಗೊತ್ತಾದ ತುಂಡುಗಳನ್ನು ಕತ್ತರಿಸಿ, ಹೊರಮೈಯನ್ನು ಕೆರೆದು ಬಿಸುಟು, ಹಿಂಡುವ ಯಂತ್ರಕ್ಕೆ ಕೊಡುವುದು ಅಲ್ಲಿಯ ಕ್ರಮ. ತಡಮಾಡಿದರೆ ನೀರು ಕೆಡುವುದು. ಉಳಿದ ಕಂಬಗಳನ್ನು ಜಪಾನಿನ ಕೋಚಿ ಎಂಬ ಊರಿನ ಭಂಡಾರಕ್ಕೆ ಕಳುಹಿಸಲಾಯಿತು. ಮಲೆಯಾಳದ ಕೊಚ್ಚಿಗೂ ಆ ಊರಿಗೂ ಹೆಸರಿನ ಹೋಲಿಕೆಯಲ್ಲದೆ ಬೇರೆ ನಂಟಿಲ್ಲ. ಕನ್ನಡ ಕರಾವಳಿಯ ಪಡುವಣ ಕಡಲಿನ ಆ ಕೆಸರು ಅಲ್ಲಿ ನಾಲ್ಕು ಡಿಗ್ರಿಯ ತಣ್ಪಿನಲ್ಲಿ ಕಪಾಟುಗಳಲ್ಲಿ ಮಲಗಿದೆ. ಅದರಿಂದ ಹಿಂಡಿ ತೆಗೆದ ನೀರು ಪುಟ್ಟ ಸೀಸೆಗಳಲ್ಲಿ ಹಲವು ದೇಶಗಳ ಪ್ರಯೋಗಶಾಲೆಗಳಿಗೆ ಹಂಚಿಹೋಯಿತು.